ಅತ್ತೆ ಓದಿದ ಹದಿನಾಲ್ಕು ಪುಟ

ಎಲ್ಲವೂ ಹಸಿರಾಗಿದೆ ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆ ಎಂದು ನಂಬಬಹುದೇ? ಅಥವಾ ತನಗೆ ನಂಬಲು ಬರುವುದೇ ಇಲ್ಲವೇ? ಲಕೋಟೆ ಅಂಟಿಸಿದ ಮೇಲೆ ಒಳಗೆ ಕಾಗದ ಹಾಕಿದೆನೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವವನು ತಾನು. ಕಂಡದ್ದು ಅದೇ ಕಾಗದವೋ ಬೇರೆಯದೋ ಎಂದು ಒಡೆದು ನೋಡುವವನೂ ತಾನೇ. ಇಂಥವನ ಅನುಮಾನಕ್ಕೆ ಯಾರು ಕಿವಿಗೊಡುತ್ತಾರೆ?

ಪರದೆಯ ಮೇಲೆ ನಾಲ್ಕು ಸಾವಿರದ ಇನ್ನೂರ ಹನ್ನೆರಡು ಸಾಲುಗಳಿದ್ದವು. ಪ್ರತಿ ಸಾಲಿನ ಕೊನೆಗೂ ಒಂದು ಹಸಿರು ಚುಕ್ಕೆ. ವೈದ್ಯರನ್ನು ಕಾಣಲು ಮನೆಯಿಂದಲೇ ಫೋನಿನಲ್ಲಿ ಸರದಿ ಕಾಯ್ದಿರಿಸುವ ಪ್ರೋಗ್ರಾಂ ಅದು, ಒಂದು ದೊಡ್ಡ ಆಸ್ಪತ್ರೆಗಾಗಿ ಮಾಡಿದ್ದು. ಅದನ್ನು ಅಷ್ಟೂ ಬಗೆಯಲ್ಲಿ ಪರೀಕ್ಷಿಸಿ ಒಂದು ದೋಷವೂ ಇಲ್ಲವೆಂದು ಸಾರಲು ಹೊಸಬನಿಗೆ ಹಿಡಿದದ್ದು ಒಂಬತ್ತು ನಿಮಿಷ. ಪರದೆಯ ಮುಂದೆ ಕೂತ ಇವನಿಗಾದರೆ ಮೂರು ವಾರ ಬೇಕಾಗುತ್ತಿತ್ತು, ನಡುವೆ ಒಂದು ನೆಗಡಿ.

ಹೊಸಬ ಮನುಷ್ಯನಲ್ಲ. ಮೂರು ತಿಂಗಳ ಹಿಂದೆ ಕಂಪನಿ ತರಿಸಿದ್ದ, ತಾನೇ ಓದಿ ತಾನೇ ಕಲಿತು ತಾನೇ ಪರೀಕ್ಷೆ ಮಾಡುವ ಯಂತ್ರಬುದ್ಧಿ. ಅದು ಬರುವ ಮೊದಲು ಆಫೀಸಿನಲ್ಲಿ ಪ್ರೋಗ್ರಾಂಗಳ ದೋಷ ಹುಡುಕಲು ನಾಲ್ವರು ಟೆಸ್ಟರುಗಳಿದ್ದರು. ಒಬ್ಬಳನ್ನು ಮಾರಾಟ ವಿಭಾಗಕ್ಕೆ ಕಳಿಸಿದರು, ಒಬ್ಬನನ್ನು ಕೈಪಿಡಿ ಬರೆಯಲು ಕೂರಿಸಿದರು, ಇನ್ನೊಬ್ಬನನ್ನು ಮನೆಗೆ ಕಳಿಸಿದರು. ಖಾಲಿಯಾದ ಮೂರು ಕುರ್ಚಿಗಳ ಮೇಲೆ ಈಗ ಪ್ರಿಂಟರ್ ಕಾಗದದ ಪೆಟ್ಟಿಗೆಗಳು ಕೂತಿದ್ದವು. ನಾಲ್ಕನೆಯ ಕುರ್ಚಿ ಇವನದು. ಒಂದು ಪೆಟ್ಟಿಗೆ ಇನ್ನೂ ನೆಲದ ಮೇಲಿತ್ತು.

"ಹುಳುಕಣ್ಣ, ಕೂತ್ಕೊಳ್ಳಿ," ಎಂದರು ಮ್ಯಾನೇಜರ್ ಮೇಡಂ. ಹುಳುಕು ಹುಡುಕುವ ಅಣ್ಣ ಎಂದು ಆಫೀಸು ಇಟ್ಟ ಹೆಸರು ಅದು. ಅವನಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. "ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ಬರೋ ಸೋಮವಾರ ಪ್ರೋಗ್ರಾಂ ಆಸ್ಪತ್ರೆಗೆ ಹೋಗುತ್ತೆ. ಈ ಶುಕ್ರವಾರ ಕೊನೇ ಮೀಟಿಂಗು. ಒಂಬತ್ತು ನಿಮಿಷದ ಕೆಲಸಕ್ಕೆ ಒಂದು ಕುರ್ಚಿ ಯಾಕೆ ಅಂತ ದೊಡ್ಡ ಸಾಹೇಬ್ರು ಕೇಳ್ತಿದಾರೆ."

"ಪೆಟ್ಟಿಗೆ ಇಡೋಕೆ ಅಂತ ಹೇಳಿ ಮೇಡಂ."

ಮೇಡಂ ಬಂದ ನಗುವನ್ನು ನುಂಗಿಕೊಂಡರು. "ತಮಾಷೆ ಅಲ್ಲ. ಹೊಸಬನಿಗೆ ಸಿಗದ ಒಂದು ಬಗ್ ತೋರ್ಸಿ. ಒಂದೇ ಒಂದು. ನಿಮ್ಮ ಕುರ್ಚಿ ಉಳಿಸೋದು ನನಗಿರಲಿ. ನಿಮ್ಮ ಹತ್ರ ಆ ವಿಧಾನ ಇದೆಯಲ್ಲ, ಅದನ್ನ ಹೊರಗೆ ತೆಗೀರಿ."

ಹುಳುಕಣ್ಣ ತಲೆಯಾಡಿಸಿ ಎದ್ದ. ಆದರೆ ಆ ವಿಧಾನ ಮನೆಯಲ್ಲಿ ಕಿಟಕಿಯ ಪಕ್ಕ ಬಟ್ಟೆ ಮಡಚುತ್ತ ಕೂತಿತ್ತು, ಮತ್ತು ಎರಡು ತಿಂಗಳಿಂದ ಅದು ಇವನೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ.

ವಿಧಾನವೆಂದರೆ ಅವನ ಅತ್ತೆ, ಹೆಂಡತಿಯ ತಾಯಿ.

ಹನ್ನೆರಡು ವರ್ಷಗಳ ಹಿಂದೆ ಅತ್ತೆ ಇವರ ಮನೆಗೆ ಬಂದು ನೆಲೆಸಿದ ಹೊಸತು. ಹುಳುಕಣ್ಣ ಪರೀಕ್ಷೆಗೆಂದು ಮನೆಗೆ ತಂದಿದ್ದ ಫೋನನ್ನು, ಟಿವಿಯ ರಿಮೋಟು ಎಂದುಕೊಂಡು ಅವರು ಒತ್ತಿದರು. ಟಿವಿ ಹತ್ತಲಿಲ್ಲ. ಹತ್ತದಿದ್ದುದಕ್ಕೆ ಇನ್ನೂ ಬಲವಾಗಿ, ಬಾಗಿಲ ಬೆಲ್ ಒತ್ತಿದ ಹಾಗೆ ಎರಡೆರಡು ಸಲ ಒತ್ತಿದರು. ಫೋನಿನಲ್ಲಿದ್ದ ಪ್ರೋಗ್ರಾಂ ಸತ್ತುಬಿದ್ದಿತು. ಆರು ಜನ ಒಂದು ತಿಂಗಳು ಹುಡುಕಿಯೂ ಸಿಕ್ಕದ ದೋಷ ಅದು. ಮರುದಿನ ಅವನು ವರದಿ ಬರೆದ: 'ಬಳಕೆದಾರ ಎರಡು ಬಾರಿ ಬೇಗಬೇಗನೆ ಒತ್ತಿದಾಗ'. ಆಫೀಸಿನಲ್ಲಿ ಬೆನ್ನು ತಟ್ಟಿದರು.

ಅಂದಿನಿಂದ ಅತ್ತೆಯ ಕೈಗೆ ಬಾರದ ಪ್ರೋಗ್ರಾಂ ಒಂದೂ ಇಲ್ಲ. ಅವರು ಫೋನ್ ನಂಬರ್ ಕೇಳುವ ಜಾಗದಲ್ಲಿ ನಂಬರ್ ಬರೆದು 'ಮಧ್ಯಾಹ್ನ ಮಾಡಬೇಡಿ ಮಲಗಿರ್ತೀನಿ' ಎಂದು ಸೇರಿಸಿದರು. ಹುಟ್ಟಿದ ದಿನ ಕೇಳಿದರೆ, ಇವರಿಗೇಕೆ ಬೇಕು ಎಂದು ನಾಳೆಯ ತಾರೀಕು ಕೊಟ್ಟರು. ಅರ್ಧ ಕೆಲಸ ಮುಗಿದಾಗ ಯಾರಾದರೂ ಬಾಗಿಲು ತಟ್ಟಿದರೆ ಫೋನನ್ನು ದಿಂಬಿನ ಕೆಳಗೆ ತುರುಕಿ ಹೋದರು, ಅರೆ ನಿಮಿಷದಲ್ಲೇ ಬಂದು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲ್ಲ, ತಮಗೆ ಇಷ್ಟ ಬಂದಲ್ಲಿಂದ ಮುಂದುವರಿಸಿದರು. ಪ್ರತಿ ಸಲವೂ ಏನಾದರೊಂದು ಮುರಿದುಬಿತ್ತು. ಪ್ರತಿ ಸಲವೂ ಹುಳುಕಣ್ಣ ಪಕ್ಕದಲ್ಲಿ ಪತ್ರಿಕೆ ಓದುವವನಂತೆ ಕೂತು ಕಳ್ಳಗಣ್ಣಿನಿಂದ ನೋಡಿ, ಮನಸ್ಸಿನಲ್ಲೇ ಬರೆದುಕೊಂಡ. ವರದಿಯಲ್ಲಿ ಅತ್ತೆ ಎಂಬ ಪದ ಒಮ್ಮೆಯೂ ಬರಲಿಲ್ಲ. 'ಬಳಕೆದಾರ' ಎಂದಷ್ಟೇ ಇರುತ್ತಿತ್ತು. ಆಫೀಸಿನಲ್ಲಿ ಅದು ಹುಳುಕಣ್ಣನ ವಿಧಾನವಾಯಿತು. ಅದರ ಬಗ್ಗೆ ಎರಡು ಸಲ ಅವನಿಂದ ಭಾಷಣ ಮಾಡಿಸಿದರು.

ಅತ್ತೆಗೆ ಇದೊಂದೂ ಗೊತ್ತಿರಲಿಲ್ಲ. ಅಳಿಯನ ಆಫೀಸಿನ ಫೋನುಗಳು ತಮ್ಮ ಕೈಯಲ್ಲಿ ಕೆಡುತ್ತವೆ, ಆದರೂ ಪಾಪ, ಅಳಿಯಂದಿರು ಬೈಯುವುದಿಲ್ಲ, ಮರುದಿನವೇ ಇನ್ನೊಂದು ತಂದುಕೊಡುತ್ತಾರೆ ಎಂದು ನೆರೆಯವರೊಡನೆ ಹೇಳಿಕೊಳ್ಳುತ್ತಿದ್ದರು.

ಇದು ಕೆಟ್ಟದ್ದು ಎರಡು ತಿಂಗಳ ಹಿಂದಿನ ಒಂದು ಭಾನುವಾರ. ಪ್ರೋಗ್ರಾಂ ಬರೆಯುವ ಮಿಂಚು ಫೋನ್ ಮಾಡಿದ್ದ. ಯಾವ ಕೆಲಸ ಕೊಟ್ಟರೂ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಗಿಸುವವನಾದ್ದರಿಂದ ಅವನಿಗೆ ಆ ಹೆಸರು. ಹುಳುಕಣ್ಣ ಕೈಯಲ್ಲಿ ಚಹಾ ಹಿಡಿದಿದ್ದರಿಂದ ಸ್ಪೀಕರ್ ಹಾಕಿದ.

"ಅಣ್ಣಾ, ಇದೇನ್ ಬರ್ದಿದೀರ? ಹೆಸರಿನ ಜಾಗದಲ್ಲಿ ಮನೆಗೆ ಬರೋ ದಾರಿ ಬರೀತಾರಾ? ಯಾರಣ್ಣಾ ಇವ್ರು? ತಲೆ ಸರಿ ಇರೋರು ಯಾರಾದ್ರೂ ಹೀಗೆ ಮಾಡ್ತಾರಾ?"

ಕಿಟಕಿಯ ಪಕ್ಕದಲ್ಲಿ ಅತ್ತೆ ಟವೆಲ್ ಮಡಚುತ್ತಿದ್ದರು. ದಾರಿ ಬರೆದವರು ಅವರೇ. ಅದು ಅವರಿಗೂ ನೆನಪಿತ್ತು. ಹುಳುಕಣ್ಣನ ಬಾಯಲ್ಲಿ ಮಾತು ಇರಲಿಲ್ಲವೆಂದಲ್ಲ, ಮೂರು ನಾಲ್ಕು ಇದ್ದವು. ಯಾವುದು ಸರಿ ಎಂದು ಅವನು ಪರೀಕ್ಷಿಸುತ್ತಿರುವಾಗಲೇ ಗಂಟಲಿನಿಂದ ಒಂದು 'ಹ್ಹೆ' ಹೊರಬಿತ್ತು. ನಗುವಿನಂಥದು. ಅತ್ತೆ ಆ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. ಇನ್ನೊಮ್ಮೆ ಬಿಡಿಸಿ ಮಡಚಿದರು. ಅಂದಿನಿಂದ ಅವನ ಫೋನು ಮುಟ್ಟಿರಲಿಲ್ಲ.

ಈಗ ಮುಟ್ಟಿಸಲೇಬೇಕಿತ್ತು. ಏಕೆಂದರೆ ಹೊಸಬನಿಗೆ ಕಲಿಸಲೆಂದು ಕಂಪನಿ ಕೊಟ್ಟದ್ದು ಹುಳುಕಣ್ಣನ ಹನ್ನೆರಡು ವರ್ಷದ ವರದಿಗಳನ್ನೇ. ಮೇಡಂ ಕರೆದು ಹೇಳಿದ ಆ ಸೋಮವಾರ ಅವನು ಇಡೀ ದಿನ ಆಫೀಸಿನಲ್ಲಿ ಕೂತು ಎರಡೆರಡು ಸಲ ಒತ್ತಿದ, ನಾಳೆ ಹುಟ್ಟಿದ, ಹೆಸರಿನ ಜಾಗದಲ್ಲಿ ದಾರಿ ಬರೆದ. ಎಲ್ಲವೂ ಹೊಸಬ ಆಗಲೇ ಮಾಡಿ ಮುಗಿಸಿದ್ದೇ. ಅತ್ತೆಯ ಅಷ್ಟೂ ಹುಚ್ಚಾಟ ಹೊಸಬನ ಹೊಟ್ಟೆಯೊಳಗಿತ್ತು. ತನ್ನ ಕುರ್ಚಿ ಕಿತ್ತುಕೊಳ್ಳಲು ಬಂದಿರುವುದು ಯಂತ್ರವಲ್ಲ, ಒಂಬತ್ತು ನಿಮಿಷದಲ್ಲಿ ಓಡುವ ತನ್ನ ಅತ್ತೆಯೇ ಎಂದು ಹೊಳೆದಾಗ ಹುಳುಕಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದ ದಾರಿ ಒಂದೇ. ಇನ್ನೂ ಮಾಡದ ಹೊಸ ಎಡವಟ್ಟೊಂದನ್ನು ಅತ್ತೆ ಮಾಡಬೇಕು.

ಅಂದು ಸಂಜೆ ಫೋನನ್ನು ಅವರ ಮುಂದಿಟ್ಟ. "ಅತ್ತೆ, ಸುಮ್ನೆ ಒಂದು ಸರದಿ ಮಾಡಿ ನೋಡ್ತೀರಾ? ಕಣ್ಣಿನ ಡಾಕ್ಟರದು. ನಿಜದ್ದಲ್ಲ, ಆಟಕ್ಕೆ."

ಅತ್ತೆ ಅವನನ್ನು ನೋಡಿದರು, ಫೋನನ್ನು ನೋಡಿದರು. ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ ತೋರುಬೆರಳಿನಿಂದ, ನಿಧಾನವಾಗಿ, ಒಂದೇ ಒಂದು ಸಲ ಒತ್ತಿದರು. ಕಾದರು. ಹೆಸರಿನ ಜಾಗದಲ್ಲಿ ಹೆಸರು ಬರೆದರು. ನಂಬರಿನ ಜಾಗದಲ್ಲಿ ನಂಬರು. ಹುಟ್ಟಿದ ದಿನದ ಜಾಗದಲ್ಲಿ ನಿಜವಾಗಿ ಹುಟ್ಟಿದ ದಿನ. ನಿಯಮಗಳ ಪುಟ ಬಂದಾಗ ಅವನೇ ಮರ್ಯಾದೆಗೆ ಕೈಚಾಚಿ ದಾಟಿಸಿಕೊಟ್ಟ. ಎರಡು ನಿಮಿಷದಲ್ಲಿ ಸರದಿ ಬಂತು.

"ಆಯ್ತು, ತಗೊಳ್ಳಿ," ಎಂದರು ಅತ್ತೆ. ಧ್ವನಿಯಲ್ಲಿ ಗೆದ್ದವರ ಗತ್ತಿತ್ತು.

ಅಡುಗೆಮನೆಯಲ್ಲಿ ಹೆಂಡತಿಯನ್ನು ಹಿಡಿದು ಕೇಳಿದ. "ನಿಮ್ಮಮ್ಮನಿಗೆ ಏನಾಗಿದೆ?"

"ಏನಾಗುತ್ತೆ? ಲೈಬ್ರರಿ ಮಹಡಿ ಮೇಲೆ ದೊಡ್ಡವರಿಗೆ ಫೋನ್ ಕಲಿಸೋ ಕ್ಲಾಸು ಇದೆ. ಎರಡು ತಿಂಗಳಿಂದ ಹೋಗ್ತಿದಾರೆ. ಕ್ಲಾಸಿಗೇ ಮೊದಲು ಬಂದ್ರು. ಗೋಡೆ ಮೇಲೆ ಸರ್ಟಿಫಿಕೇಟು ನೋಡ್ಲಿಲ್ವಾ? ಇಡೀ ಊರಿನ ತಪ್ಪು ಕಾಣುತ್ತೆ ನಿಮಗೆ, ಮನೆ ಗೋಡೆ ಕಾಣಲ್ಲ."

ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲೇ, ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು ಇತ್ತು.

"ಯಾಕೆ ಹೋದ್ರಂತೆ?"

"ಯಾರೋ ತಲೆ ಸರಿ ಇಲ್ಲ ಅಂದ್ರಂತೆ. ಯಾರು ಅಂತ ಕೇಳಿದ್ರೆ ಹೇಳಲ್ಲ." ಹೆಂಡತಿ ಈರುಳ್ಳಿ ಕೊಚ್ಚುವುದನ್ನು ನಿಲ್ಲಿಸಿದಳು. "ನಿಮಗೇನಾದ್ರೂ ಗೊತ್ತಾ?"

"ಉಪ್ಪು ಜಾಸ್ತಿ ಆಗಿಲ್ಲ ತಾನೇ?" ಎಂದು ಹುಳುಕಣ್ಣ ಹೊರಬಂದ.

ಮಂಗಳವಾರ ಅವನು ನಾಚಿಕೆ ಬಿಟ್ಟ. ಅತ್ತೆ ಒತ್ತುವಾಗಲೇ ಟಿವಿಯ ಸದ್ದು ಏರಿಸಿದ. ಅವರು ಫೋನನ್ನು ಮೇಜಿನ ಮೇಲಿಟ್ಟು, ಟಿವಿ ಆರಿಸಿ, ಮತ್ತೆ ಕೂತರು. ಹೊರಗೆ ಹೋಗಿ ತಾನೇ ಬಾಗಿಲ ಬೆಲ್ ಒತ್ತಿದ. "ಅಳಿಯಂದ್ರೇ, ಬಾಗಿಲು ತೆರೆದೇ ಇದೆ," ಎಂದು ಒಳಗಿನಿಂದ ಉತ್ತರ ಬಂತು. ಬುಧವಾರ ಕನ್ನಡಕ ಬಚ್ಚಿಟ್ಟ. ಅತ್ತೆ ಅಕ್ಷರ ದೊಡ್ಡದು ಮಾಡಿಕೊಳ್ಳುವುದನ್ನು ಕಲಿತಿದ್ದರು, ಅವರಿಗೆ ಅದು ಬೇಕಾಗಲೇ ಇಲ್ಲ. ಕನ್ನಡಕ ಸಿಕ್ಕಿದ್ದು ಹೆಂಡತಿಗೆ, ಫ್ರಿಜ್ಜಿನಲ್ಲಿ.

"ಏನ್ರೀ ಇದು? ಯಾರಿಗೆ ತಲೆ ಸರಿ ಇಲ್ಲ ಅಂತ ನನಗೀಗ ಅನುಮಾನ ಬರ್ತಿದೆ."

ಗುರುವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬಂದ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಕೊನೆಯ ಸಲ ಎಂದುಕೊಂಡು ಫೋನ್ ಕೊಟ್ಟ. ಈ ಸಲ ಹಿಂದಿನ ಮೂರು ದಿನದಂತೆ ತಾನು ನಡುವೆ ಕೈಹಾಕಬಾರದು, ಸುಮ್ಮನೆ ಎದುರು ಕೂರಬೇಕು. ಮುರಿದರೆ ಮುರಿಯಲಿ, ಇಲ್ಲದಿದ್ದರೆ ಪೆಟ್ಟಿಗೆ ಬಂದು ಕೂರಲಿ.

ಅತ್ತೆ ಮೊದಲು ತಮ್ಮ ನೋಟ್‌ಬುಕ್ ತೆರೆದಿಟ್ಟುಕೊಂಡರು. ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ಓದದೆ ಒತ್ತಬಾರದು. ಒತ್ತಿದ ಮೇಲೆ ಕಾಯಬೇಕು. ಗಾಬರಿಯಾದರೆ ಫೋನ್ ಕೆಳಗಿಟ್ಟು ಉಸಿರಾಡಬೇಕು. ಕಣ್ಣಿನ ಡಾಕ್ಟರರ ಹತ್ತೂವರೆಯ ಸರದಿ ಆರಿಸಿದರು. ನಿಯಮಗಳ ಪುಟ ಬಂತು. ಅತ್ತೆ ಓದತೊಡಗಿದರು.

ಅವು ಹದಿನಾಲ್ಕು ಪುಟ. ಯಾರೋ ವಕೀಲರು ಬರೆದದ್ದು. ಬರೆದ ವಕೀಲರೂ ತಿರುಗಿ ಓದಿರಲಾರರು. ಹುಳುಕಣ್ಣ ಹನ್ನೆರಡು ವರ್ಷದಲ್ಲಿ ಇಂಥ ಪುಟವನ್ನು ಓದಿದವರನ್ನು ಕಂಡಿರಲಿಲ್ಲ. ತಾನೂ ಓದಿರಲಿಲ್ಲ. 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಲು ಹೊಸಬನಿಗೆ ಕಾಲು ಸೆಕೆಂಡು ಸಾಕು.

"ಅಳಿಯಂದ್ರೇ, ಇಲ್ಲಿ 'ತದನಂತರದ ಹೊಣೆಗಾರಿಕೆ' ಅಂತಿದೆ. ಯಾರ ಹೊಣೆ?"

"ಯಾರದ್ದೂ ಅಲ್ಲ ಅತ್ತೆ."

"ಹಾಗಂತ ನೇರವಾಗಿ ಬರೀಬಾರ್ದಾ?" ಎಂದು ಅವರು ಬೆರಳಿನಿಂದ ಮುಂದಿನ ಸಾಲು ಹಿಡಿದರು.

ಕಿಟಕಿಯ ಬಿಸಿಲು ಮೇಜಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸರಿಯಿತು. ಇಬ್ಬರೂ ಹೀಗೆ ಎದುರುಬದುರು ಕೂತು ಎಷ್ಟು ಕಾಲವಾಗಿತ್ತೋ. ಈಗ ಹೇಳಬಹುದಲ್ಲ ಎಂದು ಅವನಿಗೆ ಅನ್ನಿಸಿತು. ಆದರೆ ಹೇಗೆ ಶುರುಮಾಡುವುದು? ನಿಮ್ಮ ತಪ್ಪುಗಳಿಂದಲೇ ನಾನು ಬದುಕಿದ್ದು ಎಂದರೆ ಅದು ಹೊಗಳಿಕೆಯೋ ಬೈಗುಳವೋ? ಅವನು ಆ ವಾಕ್ಯವನ್ನು ಆರು ಬಗೆಯಲ್ಲಿ ತಿರುಗಿಸಿ ನೋಡಿದ. ಆರರಲ್ಲೂ ದೋಷವಿತ್ತು. ಅಷ್ಟರಲ್ಲಿ ಅತ್ತೆ ಹದಿನಾಲ್ಕನೆಯ ಪುಟ ಮುಗಿಸಿ, ಉಸಿರು ಬಿಟ್ಟು, 'ಒಪ್ಪಿದ್ದೇನೆ' ಒತ್ತಿದರು. ಒಂದೇ ಸಲ. ಶುರುಮಾಡಿ ನಲವತ್ತು ನಿಮಿಷವಾಗಿತ್ತು.

"ಅಯ್ಯೋ," ಎಂದರು.

"ಏನಾಯ್ತು?"

"ನನಗೆ ನೂರಾ ತೊಂಬತ್ತೊಂಬತ್ತು ವರ್ಷ ಅಂತಿದೆ. ಗಂಡಸು ಅಂತಿದೆ." ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮೂಲವ್ಯಾಧಿ ಬೇರೆ."

ಹುಳುಕಣ್ಣ ಎದ್ದು ಬಂದು ಅವರ ಹೆಗಲ ಮೇಲಿಂದ ನೋಡಿದ. 'ನಿಮ್ಮ ಸರದಿ ಖಚಿತವಾಗಿದೆ' ಎಂದಿತ್ತು. ಕೆಳಗೆ ಇನ್ಯಾರದೋ ಹೆಸರು, ವಯಸ್ಸು, ಕಾಯಿಲೆ. ಹೊಸಬ ಪರೀಕ್ಷೆಗೆಂದು ದಿನವಿಡೀ ಕಟ್ಟಿ ಸರದಿಗೆ ಹಚ್ಚುತ್ತಿದ್ದ ಸುಳ್ಳು ರೋಗಿಗಳಲ್ಲಿ ಒಬ್ಬನದು.

ಅವನಿಗೆ ಕ್ಷಣದಲ್ಲಿ ಅರ್ಥವಾಯಿತು. ಯಾರಾದರೂ ಒಂದು ಸರದಿ ಆರಿಸಿದರೆ ಪ್ರೋಗ್ರಾಂ ಅದನ್ನು ಹತ್ತು ನಿಮಿಷ ಅವರಿಗಾಗಿ ಹಿಡಿದಿಡುತ್ತದೆ. ಅಷ್ಟರೊಳಗೆ ಒಪ್ಪದಿದ್ದರೆ ಮುಂದಿನವರಿಗೆ ಕೊಡುತ್ತದೆ. ಅದೇನೋ ಸರಿಯೇ. ಆದರೆ ಮೊದಲನೆಯವರು ತಡವಾಗಿ ಒಪ್ಪಿದರೆ, ಸಮಯ ಮೀರಿತು ಎನ್ನುವ ಬದಲು, ಆ ಮುಂದಿನವರ ಚೀಟಿಯನ್ನೇ ತೆರೆದು ಇವರ ಕೈಗೆ ಕೊಡುತ್ತಿತ್ತು. ಒಂದು ಸರದಿ, ಇಬ್ಬರು ರೋಗಿಗಳು, ಒಬ್ಬರ ಗುಟ್ಟು ಇನ್ನೊಬ್ಬರ ಫೋನಿನಲ್ಲಿ. ಹೊಸಬನಿಗೆ ಇದು ಸಿಗುವಂತೆಯೇ ಇರಲಿಲ್ಲ. ಅದಕ್ಕೆ ಕಾಯುವುದೆಂದರೆ ಏನೆಂದು ಗೊತ್ತಿರಲಿಲ್ಲ. ಹಳೆಯ ಅತ್ತೆಗೂ ಗೊತ್ತಿರಲಿಲ್ಲವಲ್ಲ.

"ಸಿಕ್ತು!" ಎಂದು ಹುಳುಕಣ್ಣ ಕೂಗಿದ.

ಅತ್ತೆ ಫೋನನ್ನು ಮೇಜಿನ ಮೇಲಿಟ್ಟು ಉಸಿರಾಡುತ್ತಿದ್ದರು. ಮುಖ ಸಪ್ಪಗಾಗಿತ್ತು. "ಎಲ್ಲಾ ಸರಿಯಾಗೇ ಮಾಡ್ದೆ. ಆದ್ರೂ ಕೆಡಿಸಿಬಿಟ್ಟೆ ನೋಡಿ. ನನ್ನ ಕೈಗುಣವೇ ಇಷ್ಟು."

"ತಪ್ಪು ನಿಮ್ದಲ್ಲ ಅತ್ತೆ, ಪ್ರೋಗ್ರಾಮಿಂದು."

"ಸಮಾಧಾನಕ್ಕೆ ಹೇಳ್ಬೇಡಿ."

"ಆಣೆಗೂ. ಇನ್ನೊಂದ್ಸಲ ಮಾಡಿ ನೋಡ್ತೀರಾ? ಹೀಗೇ ಆಗುತ್ತೆ. ಎರಡನೇ ಸಲನೂ ಆದ್ರೆ ಅದು ಬಗ್ಗು, ನಿಮ್ಮ ಕೈಗುಣ ಅಲ್ಲ."

"ಮತ್ತೆ ಹದಿನಾಲ್ಕು ಪುಟ ಓದ್ಬೇಕಾ?"

"ಓದ್ಬೇಕು. ನಾನು ಚಹಾ ಮಾಡ್ತೀನಿ."

ಸುಮ್ಮನೆ ಹತ್ತು ನಿಮಿಷ ಕಾದರೂ ಸಾಕಿತ್ತು. ಅದನ್ನು ಅವನು ಹೇಳಲಿಲ್ಲ. ಅತ್ತೆ ಮತ್ತೆ ಮೊದಲ ಸಾಲಿಗೆ ಬೆರಳಿಟ್ಟರು. ಎರಡನೆಯ ಸಲ ಅವರು ನೂರಾ ಇಪ್ಪತ್ತು ವರ್ಷದ ಗರ್ಭಿಣಿಯಾದರು. ಬಾಯಿಗೆ ಸೆರಗು ಒತ್ತಿಕೊಂಡು ಅವರು ನಕ್ಕದ್ದು ಎರಡು ತಿಂಗಳಲ್ಲಿ ಅದೇ ಮೊದಲು.

ಶುಕ್ರವಾರದ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು, ಮ್ಯಾನೇಜರ್ ಮೇಡಂ ಮತ್ತು ಮಿಂಚು ಇದ್ದರು. ಹುಳುಕಣ್ಣ ಗೋಡೆಯ ದೊಡ್ಡ ಪರದೆಯ ಮೇಲೆ ಒಂದು ಸರದಿ ಆರಿಸಿ, ನಿಯಮಗಳ ಪುಟ ತೆರೆದು, ಕೈಕಟ್ಟಿ ಕೂತ.

"ಮುಂದೆ?" ಎಂದರು ಸಾಹೇಬರು.

"ಕಾಯ್ಬೇಕು ಸಾರ್. ಹನ್ನೊಂದು ನಿಮಿಷ."

ಆ ಕೋಣೆಯಲ್ಲಿ ಅಷ್ಟು ಹೊತ್ತು ಯಾರೂ ಸುಮ್ಮನೆ ಕೂತ ಇತಿಹಾಸವಿರಲಿಲ್ಲ. ಎರಡನೆಯ ನಿಮಿಷಕ್ಕೆ ಸಾಹೇಬರು ಗಡಿಯಾರ ನೋಡಿದರು. ನಾಲ್ಕಕ್ಕೆ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಆರಕ್ಕೆ ಮಿಂಚಿನ ಮೊಣಕಾಲು ತಾನೇ ಕುಣಿಯತೊಡಗಿತು. ಏಳಕ್ಕೆ ಬೇರೆ ದಾರಿಯಿಲ್ಲದೆ ಸಾಹೇಬರು ಪರದೆಯ ಮೇಲಿನ ನಿಯಮಗಳನ್ನು ಓದತೊಡಗಿದರು. ಅವರ ಹುಬ್ಬು ಗಂಟಿಕ್ಕಿತು. "ಇದಕ್ಕೆಲ್ಲ ನಾವು ಒಪ್ಪಿಸ್ತಿದೀವಾ ಜನರನ್ನ?"

"ಅಣ್ಣಾ, ಹನ್ನೊಂದು ನಿಮಿಷ ಯಾರಣ್ಣಾ ಓದ್ತಾರೆ ಇದನ್ನ?" ಮಿಂಚಿಗೆ ತಡೆಯಲಾಗಲಿಲ್ಲ. "ತಲೆ ಸರಿ ಇರೋರು..."

"ತಲೆ ಸರಿ ಇರೋರು ಓದ್ತಾರೆ," ಎಂದ ಹುಳುಕಣ್ಣ. ಅಷ್ಟು ಗಟ್ಟಿಯಾಗಿ ಹೇಳುತ್ತೇನೆಂದು ಅವನೂ ಅಂದುಕೊಂಡಿರಲಿಲ್ಲ. ಎರಡು ತಿಂಗಳು ತಡವಾಗಿ, ಕೇಳಬೇಕಾದವರಿಲ್ಲದ ಕೋಣೆಯಲ್ಲಿ, ಆ ಮಾತು ಹೊರಬಂದಿತ್ತು.

ಹನ್ನೊಂದನೆಯ ನಿಮಿಷಕ್ಕೆ ಒತ್ತಿದ. ಪರದೆಯ ಮೇಲೆ ಮೂರು ವರ್ಷದ, ಆರು ಮಕ್ಕಳ ತಂದೆಯೊಬ್ಬ ಪ್ರತ್ಯಕ್ಷನಾದ. ಚರ್ಮರೋಗ. ಮಿಂಚು ತಲೆಯ ಮೇಲೆ ಕೈಹೊತ್ತ. ಸಾಹೇಬರು ಬಿಡುಗಡೆ ನಿಲ್ಲಿಸಿ ಎಂದರು. ನಿಯಮದ ಪುಟ ಬರೆದ ವಕೀಲರನ್ನು ಕರೆಸಿ ಎಂದೂ ಹೇಳಿದರು.

ಮೇಡಂ ಎಲ್ಲರೂ ಹೋಗುವವರೆಗೆ ಕಾದರು. "ಪೆಟ್ಟಿಗೆ ಬೇರೆ ಜಾಗ ನೋಡ್ಕೊಳ್ಳಲಿ ಬಿಡಿ. ಇನ್ನು ಮೇಲೆ ಹೊಸಬನಿಗೆ ಇಂಥ ಜನರನ್ನ ಪರಿಚಯ ಮಾಡ್ಕೊಡೋದೇ ನಿಮ್ಮ ಕೆಲಸ. ಅಲ್ಲಾ ಹುಳುಕಣ್ಣ, ಇದು ನಿಮಗೆ ಹೊಳೆದಿದ್ದಾದ್ರೂ ಹೇಗೆ?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು. ಕೋಣೆಯಲ್ಲಿ ಇಬ್ಬರೇ. ಅವನು ಬಾಯಿ ತೆರೆದ. "ಹೀಗೇ... ಯಾರಾದ್ರೂ ನಿಧಾನವಾಗಿ ಓದೋರು ಇದ್ರೆ ಅಂತ ಯೋಚನೆ ಬಂತು ಮೇಡಂ," ಎಂದ.

ಸಂಜೆ ಬಾಗಿಲು ತೆರೆದದ್ದು ಅತ್ತೆ. ಇಡೀ ದಿನ ಕಾದಿದ್ದವರಂತೆ, ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಒಪ್ಕೊಂಡ್ರಾ? ತಪ್ಪು ಅವರದ್ದೇ ಅಂತ?"

"ಒಪ್ಕೊಂಡ್ರು ಅತ್ತೆ. ನಿಲ್ಸಿದಾರೆ."

"ಅದೇ ಹೇಳಿದ್ರು ಟೀಚರು. ನೀವು ಸರಿಯಾಗಿ ಓದಿದ್ರೆ ಅದು ಸರಿಯಾಗಿರಬೇಕು ಅಂತ." ಅತ್ತೆ ಕಿಟಕಿಯ ಪಕ್ಕದ ತಮ್ಮ ಜಾಗಕ್ಕೆ ಹೋಗಿ ಕೂತರು. ಮಡಚಿಟ್ಟ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜು ಖಾಲಿ ಮಾಡಿದರು. ಕೈ ಚಾಚಿದರು. "ಇನ್ನೇನಾದ್ರೂ ಇದ್ರೆ ಕೊಡಿ ಇತ್ಲಾಗೆ. ನೋಡ್ಕೊಡ್ತೀನಿ. ನಿಮಗೇನು, ಓದೋ ಅಭ್ಯಾಸ ಇಲ್ಲ."

ಹುಳುಕಣ್ಣ ಚೀಲದಿಂದ ಫೋನ್ ತೆಗೆದು ಕೊಟ್ಟ. ಈ ಸಲ ಪತ್ರಿಕೆಯ ಮರೆ ಹುಡುಕದೆ, ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. ಅತ್ತೆ ಕನ್ನಡಕ ಒರೆಸಿಕೊಂಡು ಮೊದಲ ಸಾಲಿಗೆ ಬೆರಳಿಟ್ಟರು.

ಹನ್ನೆರಡು ವರ್ಷದಿಂದ ಆಫೀಸಿನಲ್ಲಿ ಎಲ್ಲರೂ ಹೊಗಳುತ್ತ ಬಂದದ್ದು ನಿಮ್ಮ ಕೆಲಸವನ್ನು ಎಂದು ಅವನು ಅತ್ತೆಗೆ ಎಂದೂ ಹೇಳಲಿಲ್ಲ.